ನಾಲ್ಕನೆಯ ದನಿಗೆ ಕಾಯುವ ಬಾಲದಕ್ಕ

ಬೆಳಕು ಹರಿಯುವ ಮುನ್ನ ಮೂರು ಕೆಲಸಗಳು ಇದೇ ಕ್ರಮದಲ್ಲಿ ನಡೆಯುತ್ತವೆ. ಮೊದಲು ತಪಾಸಣೆಯ ಜೀಪು ರನ್‌ವೇಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡು ಬರುತ್ತದೆ. ಆನಂತರ ಅಂಚಿನ ದೀಪಗಳು ಹೊತ್ತಿಕೊಳ್ಳುತ್ತವೆ. ಕೊನೆಗೆ, ವಿಮಾನಗಳ ಏರಿಳಿತಕ್ಕೆ ಅನುಮತಿ ಕೊಡುವ ನಿಯಂತ್ರಣ ಟವರಿನ ತುದಿಯ ಗಾಜಿನ ಕೋಣೆಯಲ್ಲಿ ಬಾಲದಕ್ಕ ಹೆಡ್‌ಫೋನ್ ಏರಿಸಿ, ಗಂಟಲು ಸರಿಮಾಡಿಕೊಂಡು, ಮೈಕಿನ ಗುಂಡಿ ಒತ್ತುತ್ತಾರೆ. ಇಂದು ಮೊದಲು ಹೊರಡುವುದು ನಾಲ್ಕು ಯುದ್ಧವಿಮಾನಗಳ ತಂಡ. ಅವು ಮಂಜಿನಲ್ಲಿ ಮರೆಯಾಗುವವರೆಗೂ ಆಕೆ ಕುರ್ಚಿಗೆ ಒರಗುವುದಿಲ್ಲ.

ಪಾಳಿಯ ಮೇಲ್ವಿಚಾರಕರು ಹಿಂದೆ ನಿಂತು ಚಹಾ ಆರಿಸುತ್ತಿದ್ದಾರೆ.

"ಮೇಡಂ, ನಿಮ್ಮ ದಮ್ಮಯ್ಯ, ಅವರು ವಾಪಸ್ ಬಂದಾಗ ಬಾಲ ಹಿಡಿದು ಎಳೀಬೇಡಿ."

"ಬಾಲ ಇದ್ಯೋ ಇಲ್ವೋ ಅಂತ ನೋಡ್ಬೇಕಲ್ಲ ಸರ್?"

"ಇನ್ನೊಂದು ಸಲ ಕೇಳಿದ್ರೆ ಮೈಕು ಕಿತ್ಕೋತಾರೆ. ಆಮೇಲೆ ನನ್ನ ಬೈಕೋಬೇಡಿ."

ಈ ನಿಲ್ದಾಣಕ್ಕೆ ಇರುವುದು ಒಂದೇ ರನ್‌ವೇ. ಸೇನೆಯ ವಿಮಾನಗಳೂ ಪ್ರಯಾಣಿಕರ ವಿಮಾನಗಳೂ ಅದನ್ನೇ ಹಂಚಿಕೊಳ್ಳುತ್ತವೆ. ತಂಡವಾಗಿ ಹಾರುವ ವಿಮಾನಗಳು ನಿಯಮದ ಕಣ್ಣಿಗೆ ಒಂದೇ ವಿಮಾನ. ಟವರಿನೊಡನೆ ಮಾತಾಡುವವನು ನಾಯಕನೊಬ್ಬನೇ. ರಾಡಾರ್ ಪರದೆಯ ಮೇಲೆ ಗುರುತು ಮೂಡುವುದೂ ಅವನದೊಂದೇ. ತಂಡದೊಳಗಿನ ಅಂತರ ಅವನ ಹೊಣೆ. ಯಾರಾದರೂ ಹಿಂದೆ ಬಿದ್ದರೆ ಅವನು ತಿಳಿಸಬೇಕು. ತಿಳಿಸಿದ ಮೇಲೆ ಆ ವಿಮಾನ ಟವರಿನ ಹೊಣೆ. ಆದರೆ ಹಿಂದೆ ಬಿದ್ದ ಕ್ಷಣಕ್ಕೂ ತಿಳಿಸಿದ ಕ್ಷಣಕ್ಕೂ ನಡುವೆ ಅದು ಯಾರ ಹೊಣೆ? ನಿಯಮಾವಳಿ ಇಲ್ಲಿ ಬಾಯಿ ಬಿಡುವುದಿಲ್ಲ.

ಬಾಲದಕ್ಕ ಬಾಯಿ ಬಿಡುತ್ತಾರೆ. ತಂಡ ಇಳಿದಾಗ ನಾಯಕನ ಮಾತು ಮುಗಿದ ಮೇಲೂ ತಂಡದ ಬಾಲದಲ್ಲಿರುವ ಕೊನೆಯ ಪೈಲಟ್ ತಾನು ಇಳಿದೆನೆಂದು ತನ್ನ ದನಿಯಲ್ಲೇ ಹೇಳಬೇಕೆಂದು ಕೇಳುತ್ತಾರೆ. ಸಹೋದ್ಯೋಗಿಗಳು ಇಟ್ಟ ಅಡ್ಡಹೆಸರು ಅದರಿಂದಲೇ ಬಂದದ್ದು. ಅಭ್ಯಾಸ ಮಾತ್ರ ಅಪ್ಪನದು. ಆತ ಬಸ್ ಕಂಡಕ್ಟರ್. "ಮುಂದಿನ ಬಾಗಿಲವ್ರು 'ರೈಟ್' ಅಂದ್ರೆ ಹಿಂದಿನ ಮೆಟ್ಟಿಲಿನ ಮೇಲಿರೋ ಅಜ್ಜಿ ಹತ್ತಿದ ಹಾಗಲ್ಲ ಕಣೇ, ಅನ್ನೋರು. ಹಿಂದೆ ಹೋಗಿ ನೋಡಿಯೇ ಸೀಟಿ ಊದೋರು," ಎಂದು ನೆನೆಯುತ್ತಾರೆ. ಈಗ ಬಾಲದಕ್ಕನ ಮನೆಯಲ್ಲೂ ಇದೇ ಪಾಠ. ರಾತ್ರಿ ಬಾಗಿಲು ಹಾಕುವಾಗ ದೊಡ್ಡ ಮಗಳು "ತಂಗಿ ಒಳಗಿದ್ದಾಳೆ" ಎಂದರೆ ಸಾಲದು. ತಂಗಿಯೇ "ಇದ್ದೀನಮ್ಮಾ" ಎನ್ನಬೇಕು.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಈ ಅಭ್ಯಾಸದ ಬೆಲೆ ಗೊತ್ತಾಯಿತು. ಮಂಜು ರನ್‌ವೇಯ ಅರ್ಧವನ್ನು ನುಂಗಿತ್ತು. "ಎಲ್ಲರೂ ಇಳಿದೆವು," ಎಂದು ನಾಯಕ ವರದಿ ಮಾಡಿದ. ತುಂಬಿದ ಪ್ರಯಾಣಿಕ ವಿಮಾನವೊಂದು ರನ್‌ವೇಗೆ ಬರಲು ಅನುಮತಿ ಕಾಯುತ್ತಿತ್ತು. ಬಾಲದಕ್ಕ ನಾಲ್ಕನೆಯವನನ್ನು ಕೇಳಿದರು. ಉತ್ತರವಿಲ್ಲ. ಮತ್ತೆ ಕೇಳಿದರು. ನಾಯಕ ರೇಗಿದ. ಆಕೆ ಪ್ರಯಾಣಿಕ ವಿಮಾನಕ್ಕೆ, "ಇದ್ದಲ್ಲೇ ಇರಿ," ಎಂದರು. ಅಷ್ಟರಲ್ಲಿ ಮಂಜು ಸೀಳಿಕೊಂಡು ನಾಲ್ಕನೆಯ ಯುದ್ಧವಿಮಾನ ಇಳಿಯಿತು, ಅನುಮತಿ ಕೊಟ್ಟಿದ್ದರೆ ಪ್ರಯಾಣಿಕರು ಇರುತ್ತಿದ್ದ ಜಾಗದಲ್ಲೇ. ಅದರ ರೇಡಿಯೊ ಕೆಟ್ಟಿತ್ತು.

ವಿಚಾರಣೆ ನಡೆಯಿತು. ನಾಯಕನದು 'ಸದುದ್ದೇಶದ ತಪ್ಪು ಗ್ರಹಿಕೆ' ಎಂದಾಯಿತು. ಬಾಲದಕ್ಕನದು ನಿಯಮದಲ್ಲಿಲ್ಲದ ಪ್ರಶ್ನೆ, ತಂಡನಾಯಕನ ಅಧಿಕಾರದಲ್ಲಿ ಹಸ್ತಕ್ಷೇಪ, ಪ್ರಯಾಣಿಕ ವಿಮಾನದ ವಿಳಂಬ. ಆಕೆಗೆ ಎಚ್ಚರಿಕೆಯ ನೋಟಿಸು ಬಂತು. ಪುನರಾವರ್ತನೆಯಾದರೆ ಮೈಕಿನಿಂದ ತೆಗೆದುಹಾಕುವುದಾಗಿ ಅದರಲ್ಲಿ ಬರೆದಿದೆ. ತಾನು ತಿಂದು ಮಂಗನ ಮೂತಿಗೆ ಒರೆಸುವುದಕ್ಕೂ ಒಂದು ಮಿತಿ ಬೇಡವೇ? ಆ ವಿಮಾನದಲ್ಲಿದ್ದ ಒಬ್ಬ ಪ್ರಯಾಣಿಕನಿಗೂ ತಾನು ಏಕೆ ತಡವಾಗಿ ಹೊರಟೆನೆಂದು ಇಂದಿಗೂ ತಿಳಿಯದು. ದೂರು ಕೊಟ್ಟವರೂ ಇದ್ದಾರೆ.

ಈ ಅನ್ಯಾಯವನ್ನು ಒಂದೇ ಮಾತಿನಲ್ಲಿ ಹಿಡಿದವರು ಆಕೆಯ ಅತ್ತೆ. "ಮಾತಾಡೋದಕ್ಕೇ ಸಂಬಳ ಕೊಡ್ತಾರಂತೆ, ಮಾತಾಡಿದ್ದಕ್ಕೇ ನೋಟಿಸು ಕೊಡ್ತಾರಂತೆ! ಇವರ ಬುದ್ಧಿಗಿಷ್ಟು. ನೀನು ಕೇಳೇ, ಏನ್ ಮಾಡ್ತಾರೋ ನೋಡೋಣ." ಗಂಡ ಅಷ್ಟು ಧೈರ್ಯಸ್ಥರಲ್ಲ. "ಗಾಳಿಗೆ ಗುದ್ದಿ ಮೈ ನೋಯಿಸ್ಕೋಬೇಡ," ಎನ್ನುತ್ತಾರೆ. ಬಾಲದಕ್ಕನ ಬೇಡಿಕೆ ದೊಡ್ಡದೇನಲ್ಲ. "ಕೊನೇ ವಿಮಾನ ತಾನೇ ಉತ್ತರ ಕೊಡ್ಬೇಕು ಅಂತ ನಿಯಮದಲ್ಲಿ ಒಂದು ಸಾಲು ಸೇರಿಸ್ಲಿ. ನನ್ನ ಹೆಸರೇನೂ ಬೇಡ. ಆಮೇಲೆ ನಾನು ಕೇಳೋದೇ ಬೇಕಾಗಲ್ಲ." ಮನವಿ ಹೋಗಿ ತಿಂಗಳುಗಳಾದವು. ನೋಟಿಸು ಕಳಿಸಲು ಓಡಿದ ಕೈಗಳು ಉತ್ತರ ಬರೆಯಲು ಮರಗಟ್ಟಿವೆ.

ಸೂರ್ಯ ಮಸುಕಾಗಿ ಮೇಲೇರಿದ್ದಾನೆ. ತಂಡ ಮರಳಿದೆ, ರನ್‌ವೇಯ ಆಚೆ ತುದಿ ಕಾಣದು. ಪ್ರಯಾಣಿಕ ವಿಮಾನವೊಂದು ಅಂಚಿನಲ್ಲಿ ಕಾಯುತ್ತಿದೆ.

"ತಂಡ ಇಳಿದಿದೆ. ರನ್‌ವೇ ಬಿಟ್ಟಿದ್ದೇವೆ," ಎನ್ನುತ್ತಾನೆ ನಾಯಕ.

ಮೇಲ್ವಿಚಾರಕರು ಕೆಮ್ಮುತ್ತಾರೆ. ಬಾಲದಕ್ಕ ಗುಂಡಿ ಒತ್ತುತ್ತಾರೆ.

"ನಾಲ್ಕನೆಯವರು, ನೀವೇ ಹೇಳಿ."

"ನಾನು ಹೇಳಿದ್ನಲ್ಲ ಟವರ್!"

"ನೀವು ಹೇಳಿದ್ರಿ. ಅವರು ಹೇಳಿಲ್ಲ."

ಕರಕರ ಸದ್ದಿನ ನಡುವೆ ಎಳೆಯ ದನಿಯೊಂದು ಬರುತ್ತದೆ. "ನಾಲ್ಕನೆಯವನು. ಇಳಿದು ರನ್‌ವೇ ಬಿಟ್ಟಿದ್ದೀನಿ, ಅಕ್ಕಾ."

ಬಾಲದಕ್ಕ ಪ್ರಯಾಣಿಕ ವಿಮಾನಕ್ಕೆ ಅನುಮತಿ ಕೊಡುತ್ತಾರೆ. ಹಿಂದೆ ಮೇಲ್ವಿಚಾರಕರು ನಿಟ್ಟುಸಿರು ಬಿಟ್ಟು, ವರದಿ ಬರೆಯಲು ಜೇಬಿನಿಂದ ಪೆನ್ನು ತೆಗೆಯುತ್ತಾರೆ.

ನಿಯಮದ ಪ್ರಕಾರ ಈ ಬೆಳಗ್ಗೆ ಇಳಿದದ್ದು ಒಂದು ವಿಮಾನ. ಬಾಲದಕ್ಕ ಎಣಿಸಿದ್ದು ನಾಲ್ಕು.