ಮುಂದೆ ಹೋದ ಹಳದಿ ಜಾಕೆಟ್ಟು

ಯಾರಾದರೂ ತಾವು ಕಂಡ ವಿಚಿತ್ರವನ್ನು ಹೇಳತೊಡಗಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ನಾನು. ಗದಗಿನಲ್ಲಿ ನಮ್ಮ ಅತ್ತೆ ಬಾವಿಯ ಹತ್ತಿರ ಜಿನ್ನು ಕಂಡೆ ಅಂದಾಗ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡು ಅಂದಿದ್ದೆ. ಈಗ ನಾನೇ ಹೇಳುವ ಸರದಿ ಬಂದಿದೆ. ಓದುವವರು ನಕ್ಕರೆ ಬೇಸರವಿಲ್ಲ. ಆದರೆ ಇದರಲ್ಲಿ ನಂಬಲಾಗದ ಭಾಗದ ಜೊತೆಗೆ ನಾಚಿಕೆಯ ಭಾಗವೂ ಇದೆ. ಅದನ್ನು ಇದುವರೆಗೆ ತಂಗಿಯ ಹೊರತು ಯಾರಿಗೂ ಹೇಳಿಲ್ಲ.

ನಾನು ದೇಶ ಬಿಟ್ಟು ಬಂದು ಗಿಲ್‌ರಾಯ್ ಎಂಬ ಊರಿನಲ್ಲಿ ಕಾರಿನ ಸೀಟು, ಸೋಫಾಗಳಿಗೆ ಹೊದಿಕೆ ಹೊಲಿಯುತ್ತೇನೆ. ನಾವು ಪಿಂಜಾರರು, ಅಪ್ಪ ಹತ್ತಿ ಹಿಂಜಿ ಗಾದಿ ಮಾಡುತ್ತಿದ್ದ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಅಪ್ಪನ ಜೊತೆ ಕೂತೆ. ತಂಗಿ ರೇಷ್ಮಾ ಎಂ.ಎಸ್ಸಿ. ಓದಿದಳು, ಮದುವೆಯಾಗಿ, ಗಿಲ್‌ರಾಯ್‌ನಿಂದ ಕಾರಿನಲ್ಲಿ ಒಂದು ತಾಸು ದೂರದ ಡಬ್ಲಿನ್‌ಗೆ ಬಂದಳು. ನಾನು ಬಂದದ್ದು ಆಮೇಲೆ. ಲೈಸೆನ್ಸು, ಬ್ಯಾಂಕು, ಡಾಕ್ಟರು, ಎಲ್ಲ ಕಡೆಯೂ ಅವಳೇ ನನ್ನ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದಳು. ಈ ದೇಶದಲ್ಲಿ ಅವಳಿಗೆ ಬಾರದ, ನನಗೆ ಬರುವ ಸಂಗತಿ ಒಂದೇ ಇತ್ತು. ನಮ್ಮ ಅಂಗಡಿಯ ಮಾಲೀಕ ಎರಡು ಚಳಿಗಾಲ ನನ್ನನ್ನು ತಾಹೋದ ಹಿಮದ ಗುಡ್ಡಗಳ ಕಡೆ ಕರೆದುಕೊಂಡು ಹೋಗಿ, ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿಸಿದ್ದ.

ಕೆಲವು ವರ್ಷಗಳ ಹಿಂದೆ, ಒಂದು ಫೆಬ್ರುವರಿಯಲ್ಲಿ, ರೇಷ್ಮಾ, ಅವಳ ಗಂಡ, ಐದು ವರ್ಷದ ಮಗಳು ಮತ್ತು ನಾನು ಅಲ್ಲಿಗೆ ಹೋದೆವು. ರೇಷ್ಮಾ ಪಕ್ಕದ ಮನೆಯವರಿಂದ ಹಳದಿ ಜಾಕೆಟ್ಟು ಕೇಳಿ ತಂದಿದ್ದಳು. ಅದರ ಎಡಭುಜ ಹರಿದಿತ್ತು. ಅಂಗಡಿಯಲ್ಲಿ ಉಳಿದ ಕಂದು ಸೀಟುಬಟ್ಟೆಯ ತೇಪೆ ಹಾಕಿ, ದಪ್ಪ ದಾರದಲ್ಲಿ ಎರಡು ಸಾಲು ಹೊಲಿದುಕೊಟ್ಟಿದ್ದೆ.

ಆ ಕಣಿವೆಯಲ್ಲಿ ಓದು ಬಾರದವನೂ ದಾರಿ ತಪ್ಪುವಂತಿಲ್ಲ. ಹಸಿರು ವೃತ್ತ ಬರೆದ ಇಳಿಜಾರು ಹೊಸಬರಿಗೆ, ನೀಲಿ ಚೌಕ ಸ್ವಲ್ಪ ಕಲಿತವರಿಗೆ, ಇಸ್ಪೀಟೆಲೆಯ ಡೈಮಂಡಿನಂಥ ಕಪ್ಪು ಗುರುತು ಪಳಗಿದವರಿಗೆ. ಒಂದೊಂದಕ್ಕೂ ಬೇರೆ ಲಿಫ್ಟು. ತಂತಿಗೆ ತೂಗುಬಿದ್ದ ಕುರ್ಚಿಗಳು ನಿಲ್ಲದೆ ಮೇಲೆ ಹೋಗುತ್ತಿರುತ್ತವೆ. ಚಿಕ್ಕ ಮಕ್ಕಳಿಗಂತೂ ನಿಂತರೆ ಸಾಕು, ತಾನೇ ಮೇಲಕ್ಕೆ ಒಯ್ಯುವ ಪಟ್ಟಿ. ರೇಷ್ಮಾಳ ಗಂಡ ಮಗಳ ಜೊತೆ ಅಲ್ಲಿ ಉಳಿದ. ನಾನು ರೇಷ್ಮಾಳನ್ನು ಬೆಳಿಗ್ಗೆಯೆಲ್ಲ ಹಸಿರಿನಲ್ಲಿ ಆಡಿಸಿದೆ. ಅವಳು ಬಿದ್ದಾಗ ಎತ್ತುವುದು, ಹೀಗೆ ನಿಲ್ಲು ಹಾಗೆ ಬಾಗು ಅನ್ನುವುದು ನನಗೆ ಬಹಳ ಹಿತವೆನಿಸಿತು. ಮಧ್ಯಾಹ್ನ ನೀಲಿಗೆ ಹೋಗೋಣ ಅಂದೆ.

"ಅಣ್ಣಾ, ನನಗ ಆ ಹಸಿರು ಗುಂಡದ್ದ ಸಾಕು."

"ಏ ಹುಚ್ಚಿ, ಬಿದ್ರ ಏನಾಗ್ತೈತಿ? ಅಪ್ಪ ಹಿಂಜಿದ ಹತ್ತಿ ಇದ್ದಂಗ ಐತಿ, ಬಾ."

ಮೇಲೆ ಲಿಫ್ಟಿನಿಂದ ಇಳಿದು ಕೆಳಗೆ ನೋಡಿದವಳೇ ಕೂತುಬಿಟ್ಟಳು. ಲಿಫ್ಟು ನೋಡಿಕೊಳ್ಳುವವನು ತನ್ನ ಕೊಠಡಿಯಿಂದ ಹೊರಬಂದು, ಬೇಕಾದರೆ ಕುರ್ಚಿಯಲ್ಲೇ ವಾಪಸು ಕಳಿಸುತ್ತೇನೆ ಎಂದು ಕೈಸನ್ನೆ ಮಾಡಿ ಕೇಳಿದ.

"ಹೂಂ ಅನ್ನಣ್ಣಾ. ಕಾಲು ನಡುಗಾಕ್ಹತ್ತ್ಯಾವ."

ನಾನು ಅವನಿಗೆ "ನೋ ನೋ, ಶಿ ಈಸ್ ಗುಡ್" ಅಂದೆ. ಅವನು ಒಳಗೆ ಹೋದ. ಆಮೇಲೆ ತಂಗಿಯ ಕಡೆ ತಿರುಗಿ, "ಎಂ.ಎಸ್ಸಿ. ಮಾಡಿದಾಕಿಗೆ ಇದೊಂದು ಬರಂಗಿಲ್ಲನು? ಏಳನೇ ಇಯತ್ತೆ ಕಲ್ತಾವಗ ಬರ್ತೈತಿ ನೋಡು" ಅಂದೆ.

ಅಷ್ಟು ವರ್ಷದಿಂದ ನನ್ನೊಳಗೆ ಹಾಗೊಂದು ಮಾತು ಇತ್ತು ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಮುಖ ನೋಡಲಾಗದೆ ಹತ್ತು ಹೆಜ್ಜೆ ಆಚೆ ಹೋಗಿ, ಬೆನ್ನು ಹಾಕಿ, ಬೂಟಿನ ಪಟ್ಟಿ ಬಿಗಿಮಾಡುತ್ತ ನಿಂತೆ. ತಲೆ ಎತ್ತಿದಾಗ ಹಳದಿ ಜಾಕೆಟ್ಟು ನನ್ನ ಮುಂದೆ ಇಳಿಯುತ್ತಿತ್ತು.

ಸಿಟ್ಟಿಗೆ ಎದ್ದು ಹೊರಟಳು ಅಂದುಕೊಂಡೆ. ನಿಜ ಹೇಳಬೇಕೆಂದರೆ ಎದೆ ಹಗುರಾಯಿತು. ಹಿಂದೆಯೇ ಹೊರಟೆ. ಅವಳು ಅವಸರ ಮಾಡಲಿಲ್ಲ. ತಿರುವು ಬಂದಲ್ಲಿ ನಿಧಾನ ಮಾಡಿ, ನಾನು ಹತ್ತಿರವಾದ ಮೇಲೆ ಮುಂದೆ ಹೋಗುತ್ತಿದ್ದಳು. ಒಂದು ಕಡೆ ನಾಲ್ಕು ಮಾರಿನಷ್ಟು ಸಮೀಪಿಸಿದೆ. ಎಡಭುಜದ ಮೇಲೆ ಕಂದು ತೇಪೆ, ಎರಡು ಸಾಲು ಹೊಲಿಗೆ, ಕೊನೆಯಲ್ಲಿ ನಾನು ಯಾವಾಗಲೂ ಹಾಕುವ ಅಡ್ಡ ಟಾಕು. ಹಳದಿ ಜಾಕೆಟ್ಟು ನೂರು ಜನರ ಮೈಮೇಲೆ ಇರಬಹುದು. ಹೊಲಿಗೆ ನನ್ನದೇ ಆಗಿತ್ತು.

ಕೆಳಗೆ ಬಂದಾಗ ಜನರ ಗುಂಪಿನಲ್ಲಿ ಅದು ಮರೆಯಾಯಿತು. ತಂಗಿಯ ಮಗಳು ಓಡಿಬಂದು, "ಮಾಮಾ, ವೇರ್ ಈಸ್ ಅಮ್ಮಿ?" ಅಂದಳು.

"ನನಗಿಂತ ಮೊದಲ ಬಂದಾಳಲ್ಲ ಪುಟ್ಟಿ. ನೋಡು ಇಲ್ಲೇ."

ಅರ್ಧ ಗಂಟೆ ಹುಡುಕಿದೆವು. ಲಿಫ್ಟು ನಿಲ್ಲಿಸುವ ಹೊತ್ತಿಗೆ ರಕ್ಷಣಾ ಸಿಬ್ಬಂದಿ ರೇಷ್ಮಾಳನ್ನು ಜಾರುಬಂಡಿಯಲ್ಲಿ ಮಲಗಿಸಿ ತಂದರು. ಸ್ಕೀ ಕಳಚಿಟ್ಟು ಒಬ್ಬಳೇ ನಡೆದು ಇಳಿಯಲು ಹೋಗಿ, ಮೇಲಿನ ತಿರುವನ್ನೂ ದಾಟುವ ಮೊದಲೇ ಬಿದ್ದು ಮೊಣಕಾಲು ತಿರುಚಿಕೊಂಡಿದ್ದಳು. ಮೈಮೇಲೆ ಅದೇ ಜಾಕೆಟ್ಟು, ಅದೇ ತೇಪೆ. ಡಬ್ಲಿನ್ ತಲುಪುವವರೆಗೆ ಕಾರಿನಲ್ಲಿ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳ ಮನೆಗೆ ಹೋದೆ. ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕೂತಿದ್ದಳು. ನಡೆದದ್ದೆಲ್ಲ ಹೇಳಿದೆ. ಬೈದು ಬಿಡುತ್ತಾಳೆ, ಇಲ್ಲವೇ ನನ್ನ ಹಾಗೆ ನಕ್ಕುಬಿಡುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

"ಗೊತ್ತೈತಿ. ನಾನೂ ನೋಡೀನಿ ಆಕೀನ."

ನಾನು ಎದುರಿನ ಕುರ್ಚಿಯಲ್ಲಿ ಕೂತೆ.

"ನಾ ಕೂಗಿದೆ ಅಣ್ಣಾ. ನೀವಿಬ್ರೂ ನಿಂತು ತಿರುಗಿ ನೋಡಿದ್ರಿ. ಆಕಿ ಕೋಲು ಎತ್ತಿ ನನ್ನ ಕಡೆ ತೋರಿಸಿದ್ಲು. ನೀ ತಲಿ ಅಲ್ಲಾಡಿಸಿದಿ. ಆಮೇಲೆ ಆಕೀನ ಮುಂದ ಮಾಡ್ಕೊಂಡು ಹೋದಿ."

ಆಮೇಲೆ ಅವಳು ಮಗಳನ್ನು ಕರೆದು ನೀರು ತರಿಸಿಕೊಂಡಳು. ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ. ಬ್ಯಾಂಕಿನ ಕಾಗದ ಬಂದರೆ ಮಾತ್ರ ನಾನೇ ಹೇಗೋ ಓದಿಕೊಳ್ಳುತ್ತೇನೆ. ಅವಳನ್ನು ಕೇಳಲು ಮುಖವಿಲ್ಲ.

ನಾನು ಯಾವ ಕೂಗನ್ನೂ ಕೇಳಲಿಲ್ಲ. ಒಂದು ಸಲವೂ ತಿರುಗಿ ನೋಡಲಿಲ್ಲ. ಹಾಗೆಂದು ಅವಳ ಮುಂದೆ ಆಣೆ ಮಾಡಲು ಅಂದೇ ಬಾಯಿ ತೆರೆದಿದ್ದೆ. ಆದರೆ ಅವಳು ನನ್ನ ಹತ್ತಿರ ಎಂದೂ ಸುಳ್ಳು ಹೇಳಿದವಳಲ್ಲ, ಮತ್ತು ಹಿಮದ ಆ ದಿನ, ಲಿಫ್ಟಿನವನ ಮುಂದೆ, ಸುಳ್ಳು ಹೇಳಿದವನು ನಾನೊಬ್ಬನೇ. ಬಾಯಿ ಮುಚ್ಚಿಕೊಂಡೆ.