ಆಯ್ತಾರದಕ್ಕ

ಅವಳ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೆಸರಿನಲ್ಲಿ ಭತ್ತದ ಸಸಿ ಊರಿ ಊರಿ ಅದು ಕೊಳೆತು ಉದುರಿ, ಆ ಜಾಗದಲ್ಲಿ ದಪ್ಪನೆಯ ಹಳದಿ ಚರ್ಮ ಬೆಳೆದಿತ್ತು. ಆ ಬೆರಳಿನಿಂದ ಅವಳು ನಾಲ್ಕು ಸಸಿ ಊರುವಷ್ಟರಲ್ಲಿ ನಾನು ಎರಡು ಊರುತ್ತಿದ್ದೆ. ಅದರಲ್ಲೂ ಒಂದು ತೇಲುತ್ತಿತ್ತು.

ನಾನು ಮದುವೆಯಾಗಿ ಶಹಾಪುರದ ಕಡೆಯ ಆ ಊರಿಗೆ ಬಂದಾಗ ಕಾಲುವೆ ನೀರು ಬಂದು ನಾಲ್ಕೈದು ವರ್ಷವಾಗಿತ್ತು. ಜೋಳದ ಹೊಲಗಳೆಲ್ಲ ಗದ್ದೆಯಾಗಿದ್ದವು. ಹತ್ತು ಹೆಂಗಸರ ಗುಂಪೊಂದು ನಾಟಿಯನ್ನು ಗುತ್ತಿಗೆ ಹಿಡಿಯುತ್ತಿತ್ತು. ಗೋಡೆಯಾಚೆಯ ಮನೆಯ ಅವಳೇ ನನ್ನನ್ನು ಗುಂಪಿಗೆ ಸೇರಿಸಿದಳು, ಹಿಮ್ಮುಖವಾಗಿ ಸರಿಯುತ್ತ ಸಸಿ ಹಚ್ಚುವುದನ್ನು ಕಲಿಸಿದಳು. "ಹಿಂದ ತಿರುಗಿ ನೋಡಬ್ಯಾಡ ತಂಗಿ. ಇನ್ನಾ ಎಷ್ಟದ ಅಂತ ನೋಡಿದ್ರ ಸೊಂಟ ಮುರೀತದ."

ನಮ್ಮ ಕಡೆಗೆ ನೀರಿನ ಸರದಿ ಶನಿವಾರ ಬರುತ್ತಿದ್ದುದರಿಂದ ನಾಟಿ ಬೀಳುತ್ತಿದ್ದುದು ಭಾನುವಾರ. ಅವಳು ಕ್ರಿಶ್ಚಿಯನ್. ಭಾನುವಾರ ಮುಂಜಾನೆ ಬಿಳಿ ಸೀರೆ ಉಟ್ಟು, ಕಾಲುವೆ ಏರಿ ಹಿಡಿದು ಪಕ್ಕದೂರಿನ ಚರ್ಚಿಗೆ ನಡೆಯುವವಳೇ. "ಆರು ದಿನ ಧಣ್ಯಾರದು, ಒಂದ್ ಮುಂಜಾನಿ ದೇವರದು" ಎನ್ನುತ್ತಿದ್ದಳು. ನಮ್ಮಲ್ಲಿ ಭಾನುವಾರಕ್ಕೆ ಆಯ್ತಾರ ಅಂತಾರೆ; ಊರು ಅವಳಿಗೆ ಆಯ್ತಾರದಕ್ಕ ಎಂದು ಹೆಸರಿಟ್ಟಿತು. ಗುಂಪಿಗೆ ಮೋಸವಾಗಬಾರದೆಂದು ಗದ್ದೆಯಲ್ಲಿ ತನ್ನ ಪಾಲಿನ ಪಟ್ಟಿಯೊಂದನ್ನು ಬಿಡಿಸಿಕೊಂಡು, ಮಧ್ಯಾಹ್ನ ಬಂದು ಒಬ್ಬಳೇ ಹಚ್ಚಿ ಮುಗಿಸುತ್ತಿದ್ದಳು.

ಮೊದಮೊದಲು ಬರೀ ಗೇಲಿಯಿತ್ತು. ಅವಳ ಗಂಡ ಕಾಲುವೆಗೆ ಜಾರಿ ಬಿದ್ದು ಸತ್ತ ಮೇಲೆ ಗೇಲಿ ಹೋಗಿ ದ್ವೇಷ ಬಂತು. ಗದ್ದೆಗಿಳಿಯುವ ಮುನ್ನ ನಾವು ಗಂಗವ್ವನಿಗೆ ಕಾಯಿ ಒಡೆಯುವಾಗ ಇವಳು ದೂರ ನಿಲ್ಲುತ್ತಿದ್ದಳಲ್ಲ, ಅದಕ್ಕೇ ಗಂಗವ್ವ ಗಂಡನನ್ನು ಒಯ್ದಳು ಎಂದರು. ಊರ ಬಾಯಿಗೆ ಬೀಗ ಹಾಕುವವರು ಯಾರು? ಗದ್ದೆಯ ಧಣಿಯೂ ಹೇಳಿದ: "ಒಂದ್ ಕಾಯಿ ಒಡೀ ಯವ್ವಾ, ಎಲ್ಲಾ ಸರಿ ಹೋಗ್ತದ."

"ಗಂಡ ಹೋಗ್ಯಾನ. ದೇವರನ್ನೂ ಬಿಟ್ರ ನನ್ನ ಹತ್ರ ಏನ್ ಉಳೀತದ್ರಿ ಧಣಿ?"

ಮರುವಾರದಿಂದ ಅವಳ ಪಾಲಿಗೆ ಮೊಣಕಾಲುದ್ದ ಹೂಳಿನ ಮೂಲೆ ಬಂತು.

ಆಮೇಲಿನದನ್ನು ಮಾಡಿದವಳು ನಾನು. ಒಂದು ಭಾನುವಾರ ಗುಂಪಿನ ಹೆಂಗಸರು ನಗುತ್ತ ಜಾಲಿಯ ಟೊಂಗೆ ಮುರಿದು ನನ್ನ ಕೈಗಿತ್ತರು. ಹೊಸಬಳಾದ ನನಗೆ ಅವರಿಗೆ ಬೇಕಾದವಳಾಗುವ ಆಸೆ. ಅವಳ ಪಟ್ಟಿಯ ಕೆಸರಿನಲ್ಲಿ ಅದನ್ನು ಒತ್ತಿ ಹುಗಿದೆ. "ಆಯ್ತಾರದಕ್ಕ ಹೆಂಗ ಕುಣೀತಾಳ ನೋಡ್ರಿ" ಎಂದೂ ಅಂದೆ.

ಅವಳು ಕುಣಿಯಲಿಲ್ಲ. ಅಂಗಾಲಿಗೆ ನಾಟಿದ ಮುಳ್ಳು ಕಿತ್ತೆಸೆದು, ಪಟ್ಟಿ ಮುಗಿಸಿ, ಕುಂಟುತ್ತ ಮನೆಗೆ ಹೋದಳು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಕಲಬುರಗಿಯಲ್ಲಿ ಮೊಣಕಾಲ ಕೆಳಗೆ ಕಾಲು ಕತ್ತರಿಸಿ ಕಳಿಸಿದರು. "ಇನ್ನರ ಬುದ್ಧಿ ಬಂತಿಲ್ಲೋ?" ಎಂದು ಊರು ಕೇಳಿತು. ಭಾನುವಾರ ಬಂತು. ಅವಳು ಬಿಳಿ ಸೀರೆ ಉಟ್ಟು, ನೆಲದ ಮೇಲೆ ತೆವಳುತ್ತ ಹೊರಟಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಸೀರೆಯೆಲ್ಲ ಮಣ್ಣು. ಕಟ್ಟೆಯ ಮೇಲಿದ್ದವರು ನಗುತ್ತಿದ್ದರು. ನನಗೆ ನೋಡಲಾಗಲಿಲ್ಲ. ನನ್ನ ಗಂಡ ತರಕಾರಿ ಮಾರುತ್ತಿದ್ದ ತಳ್ಳುಗಾಡಿಯನ್ನು ಅವಳ ಮುಂದೆ ತಂದು ನಿಲ್ಲಿಸಿದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಹತ್ತಿ ಕುಳಿತಳು.

ಎರಡು ವರ್ಷ ಪ್ರತಿ ಭಾನುವಾರ ತಳ್ಳಿದೆ. ಗುಂಪು ನನ್ನನ್ನೂ ಬಿಟ್ಟಿತು. ಕೊನೆಗೊಮ್ಮೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಹೇಳಿಬಿಟ್ಟೆ.

"ಅಕ್ಕಾ, ಆ ಮುಳ್ಳು ನಾನೇ ಹುಗಿದಿದ್ದೆ."

"ಗೊತ್ತದ. ಈ ಊರಾಗ ಯಾರೂ ಸುಮ್ಮ ಸುಮ್ಮನ ಗಾಡಿ ತರಂಗಿಲ್ಲ."

"ತಪ್ಪಾತು ಅಕ್ಕಾ."

ಅವಳು ನೀರನ್ನೇ ನೋಡುತ್ತಿದ್ದಳು. "ವಾರಾ ವಾರಾ ಹೋಗಿ ಅದನ್ನೇ ಬೇಡಾಕತ್ತೀನಿ ತಂಗಿ. ನಿನ್ನ ಮಾಫ್ ಮಾಡೋ ಮನಸ್ಸು ಕೊಡಪ್ಪಾ ಅಂತ. ಇನ್ನಾ ಕೊಟ್ಟಿಲ್ಲ. ತಳ್ಳು, ಹೊತ್ತಾಗ್ತದ."

ಅಂದಿನಿಂದ, ಪ್ರಾರ್ಥನೆ ಮುಗಿಸಿ ಅವಳು ಹೊರಬಂದಾಗಲೆಲ್ಲ "ಇವತ್ತು ಕೊಟ್ಟನೇನು?" ಎಂದು ಕೇಳುತ್ತಿದ್ದೆ. ಇಲ್ಲ ಎನ್ನುತ್ತಿದ್ದಳು. ನನ್ನನ್ನು ಸಮಾಧಾನ ಮಾಡಲು ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಸಿಟ್ಟೂ ಇತ್ತು, ಗೌರವವೂ ಇತ್ತು. ಇನ್ನೊಂದು ಕಾಲೂ ಕಪ್ಪಾಗಿ, ಜ್ವರ ಏರಿದ್ದ ಭಾನುವಾರವೂ ಬಿಡದೆ ಬಂದಳು. ಆವತ್ತೂ ಕೇಳಿದೆ.

"ಇಲ್ಲ" ಎಂದಳು. "ಮುಂದಿನ ವಾರ ಮತ್ತ ಬೇಡ್ತೀನಿ. ಗಾಡಿ ತಗೊಂಡ್ ಬಾ."

ಗುರುವಾರ ತೀರಿಕೊಂಡಳು.