ಮೂರು ಸಲ ಗುದ್ದಲಿ ಪೂಜೆಯಾದ ಕಾಲುಸಂಕ

ಟಕ್, ಟಕ್, ಮತ್ತೆ ಕಿರ್ರೆಂದು ಒಂದು ಸದ್ದು. ನಮ್ಮ ಹಿತ್ತಲಿನಲ್ಲಿ ಹರಿಯುವ ತೋಡು ದಾಟಲು ಹಾಕಿದ್ದ ಅಡಿಕೆ ಮರದ ಕಾಲುಸಂಕದ ಮೇಲೆ ಗೆಳತಿಯ ಊರುಗೋಲು ಕೇಳಿತೆಂದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ಪುತ್ತೂರಿನ ಒಂದು ಕಾನ್ವೆಂಟಿನಲ್ಲಿ ನಾನು ಇಂಗ್ಲಿಷ್ ಟೀಚರ್, ಅವರು ಹೊಲಿಗೆ ಟೀಚರ್. ತೋಡಿನ ಈಚೆ ನನ್ನ ಮನೆ, ಆಚೆ ಅವರದು. ಸ್ಟಾಫ್‌ರೂಮಿನಲ್ಲಿ ಶುರುವಾದ ಹತ್ತು ಗಂಟೆಯ ಆ ಕಾಫಿ ರಿಟೈರ್ ಆದ ಮೇಲೂ ತಪ್ಪಿರಲಿಲ್ಲ.

ತಪ್ಪಿಸಿದ್ದು ನಮ್ಮದೇ ಸ್ಟೂಡೆಂಟ್, ವಾರ್ಡಿನ ಮೆಂಬರ್ ಆದವಳು. ಸುಳ್ಳು ಹೇಳಬಾರದು, ಬೀದಿದೀಪ ಹಾಕಿಸಿದ್ದು ಅವಳೇ. ವಿಧವಾ ವೇತನಕ್ಕಾಗಿ ಹೆಂಗಸರ ಜೊತೆ ಕ್ಯೂ ನಿಂತದ್ದೂ ಅವಳೇ. ಆದರೆ ಕಾಂಕ್ರೀಟ್ ಸಂಕ ಮಾಡಿಸುತ್ತೇನೆಂದು ಹಳೆಯದನ್ನು ಕೀಳಿಸಿ ಗುದ್ದಲಿ ಪೂಜೆ ಮಾಡಿದಳಲ್ಲ, ಕೆಲಸ ಅಲ್ಲಿಗೇ ನಿಂತಿತು. ಮರುವರ್ಷ ಬೇರೆ ಗ್ರಾಂಟ್ ಬಂತೆಂದು ಇನ್ನೊಂದು ಪೂಜೆ. ಆಮೇಲೆ ಯಾರೋ ದೊಡ್ಡ ಲೀಡರ್ ಬಂದರೆಂದು ಮೂರನೆಯದು. ಹಿರಿಯರೆಂದು ಮೂರು ಸಲವೂ ತೆಂಗಿನಕಾಯಿ ಒಡೆಯಲು ಗೆಳತಿಯನ್ನೇ ಕರೆದರು. ಮೂರು ಸಲವೂ ಫೋಟೋ. ಹೋಪ್‌ಲೆಸ್! ಮಂಡಿ ನೋವಿನವರು ಮುಖ್ಯರಸ್ತೆ ಸುತ್ತಿ ಬರಬೇಕು. ದಿನದ ಕಾಫಿ ವಾರಕ್ಕೊಮ್ಮೆಯಾಯಿತು.

ಎಲೆಕ್ಷನ್ ಹತ್ತಿರ ಬಂದಾಗ ಮೆಂಬರ್ ತನ್ನ ಸಾಧನೆಗಳ ಪುಸ್ತಿಕೆಯ ಪ್ರೂಫ್ ಹಿಡಿದುಕೊಂಡು ಬಂದಳು. "ಟೀಚರ್, ಸ್ವಲ್ಪ ತಿದ್ದಿ ಕೊಡಿ. ನಿಮ್ಮಷ್ಟು ನೀಟಾಗಿ ಯಾರಿಗೆ ಬರ್ತದೆ?"

ನಾಲ್ಕನೆಯ ಪುಟದಲ್ಲಿ 'ಕಾಲುಸಂಕ ಕಾಮಗಾರಿ ಪೂರ್ಣ' ಎಂದಿತ್ತು. ಕೆಳಗೆ ಗೆಳತಿ ಕಾಯಿ ಒಡೆಯುವ ಫೋಟೋ. ಕೆಂಪು ಶಾಯಿಯಲ್ಲಿ ಗೀಟೆಳೆದೆ.

"ಇದು ಎಲ್ಲಿ ಉಂಟು? ತೋರಿಸು."

"ಪೂಜೆ ಆದ್ರೆ ಆದ ಹಾಗೆಯೇ ಅಲ್ವಾ ಟೀಚರ್? ಪುಸ್ತಕ ಮನೆಮನೆಗೆ ಹೋಗುದರೊಳಗೆ ಸಂಕ ರೆಡಿ. ಪ್ರಾಮಿಸ್."

ಹೋಮ್‌ವರ್ಕ್ ಮಾಡದ ದಿನ ನಿಲ್ಲುತ್ತಿದ್ದ ಹಾಗೆಯೇ ತಲೆ ಓರೆ ಮಾಡಿ ನಿಂತಿದ್ದಳು. ಆಗಲೂ ನಾನು ಬಿಟ್ಟುಬಿಡುತ್ತಿದ್ದೆ. ಈಗಲೂ ಬಿಟ್ಟೆ. ಗೀಟಿನ ಪಕ್ಕದಲ್ಲಿ 'ಇರಲಿ' ಎಂದು ಬರೆದು ಕೊಟ್ಟೆ.

ಪುಸ್ತಿಕೆ ಬಂತು, ಸಂಕ ಬರಲಿಲ್ಲ. ಕೊನೆಯ ಪುಟದಲ್ಲಿ ತಿದ್ದಿಕೊಟ್ಟ ಟೀಚರಿಗೆ, ಅಂದರೆ ನನಗೆ, ಥ್ಯಾಂಕ್ಸ್ ಬೇರೆ! ಅವತ್ತೇ ಗೆಳತಿಯ ಫೋನ್ ಬಂತು.

"ಎಂತ ಮಾರಾಯ್ರೆ, ನೀವು ಪಾಸ್ ಮಾಡಿದ ಸಂಕದಲ್ಲಿ ನಾಳೆ ನಡ್ಕೊಂಡು ಬರ್ಲಾ? ಕಾಫಿಗೆ ನೀರಿಡಿ."

ಅವರು ನಗಲಿಲ್ಲ. ನಾನು ಸಾರಿ ಎನ್ನುವಷ್ಟರಲ್ಲಿ ಫೋನ್ ಇಟ್ಟಾಗಿತ್ತು.

ಆಮೇಲೆ ವಾರದ ಕಾಫಿಗೂ ಬರಲಿಲ್ಲ. ಕಡಬದ ಕಡೆ, ಇಚಿಲಂಪಾಡಿಯಲ್ಲಿರುವ ತಂಗಿಯ ಮನೆಯಲ್ಲೇ ಇರುತ್ತೇನೆಂದು ನಿಶ್ಚಯ ಮಾಡಿದರು. ಹೊರಟ ಬೆಳಿಗ್ಗೆ ತೋಡಿನ ಆಚೆ ದಡಕ್ಕೆ ಬಂದು ನಿಂತರು. ಅವರ ಪಕ್ಕದಲ್ಲಿ ಗುದ್ದಲಿ ಪೂಜೆಯ ದಿನ ನೆಟ್ಟ, ಮೆಂಬರ್ ಹೆಸರು ಕೆತ್ತಿದ ಕಲ್ಲು.

"ಅಲ್ಲೇ ನಿಲ್ಲಿ, ನಾನು ಸುತ್ತಿ ಬರ್ತೇನೆ," ಎಂದು ಕೂಗಿದೆ.

"ಬೇಡ ಟೀಚರ್, ಜೀಪಿನವ ಕಾಯ್ತಾ ಇದ್ದಾನೆ."

ಊರುಗೋಲಿನಿಂದ ಆ ಕಲ್ಲಿಗೆ ಟಕ್, ಟಕ್ ಎಂದು ಎರಡು ಸಲ ಬಡಿದರು. ಆಮೇಲೆ ತಿರುಗಿ ನಡೆದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ, ಬೆನ್ನು ಮಾತ್ರ.